ಸೈಡ್‌ಕಾಸ್ಟ್ ರೀಲ್‌ಗೆ ಯಾವ ದಾರ, ಹುರಿ ಬಿದ್ದರೆ ಏನು ಮಾಡೋದು

ಅಣ್ಣಾ, ಬೀದರಿನ ಕಾರಂಜಾ ಜಲಾಶಯದ ಹಿನ್ನೀರಲ್ಲಿ ಗಾಳ ಎಸೆದಾಗಲೆಲ್ಲ ದಾರಕ್ಕೆ ಹುರಿ ಬಿದ್ದು ಗಂಟಾಗುತ್ತೆ, ರೀಲ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ. ಸೈಡ್‌ಕಾಸ್ಟ್ ರೀಲಿನ ಗುಣವೇ ಅದು. ಎಸೆಯುವಾಗ ಸ್ಪೂಲ್ (ದಾರ ಸುತ್ತಿರುವ ಚಕ್ರ) ಅಡ್ಡ ತಿರುಗಿಸ್ತೀರಿ ಅಲ್ವಾ, ಆಗ ಬಿಚ್ಚುವ ಒಂದೊಂದು ಸುತ್ತಿಗೂ ಒಂದು ಹುರಿ. ವಾಪಸ್ ಸುತ್ತುವಾಗ ಅದು ಬಿಚ್ಚಲ್ಲ. 6 ಇಂಚಿನ ಸ್ಪೂಲಾದರೆ 40 ಮೀಟರ್ ಎಸೆತಕ್ಕೆ ಸುಮಾರು 80 ಹುರಿ!

ದಾರ 0.40 ಮಿ.ಮೀ. ಮೆತ್ತನೆಯ ನೈಲಾನ್ ಇರಲಿ, ರೋಹು, ಕಾಟ್ಲಾಕ್ಕೆ ಸಾಕು. ತೆಳುವಾದಷ್ಟೂ ಸಿಕ್ಕು ಜಾಸ್ತಿ. ಈ ರೀಲಿಗೆ ಬ್ರೇಡ್, ಅಂದರೆ ಎಳೆಗಳನ್ನು ಹೆಣೆದ ದಾರ, ಬೇಡವೇ ಬೇಡ.

ಮುಖ್ಯವಾದದ್ದು ಸ್ವಿವೆಲ್, ಅಂದರೆ ಎರಡು ದಾರಗಳ ನಡುವೆ ಕಟ್ಟುವ, ತಿರುಗುವ ಪುಟ್ಟ ಲೋಹದ ಕೊಂಡಿ. ಎರಡು ಹಾಕಿ. ಮೇನ್ ದಾರದ ತುದಿಗೆ ಒಂದು, ಅದರ ಕೆಳಗೆ ಗೇಣುದ್ದ ದಾರದಲ್ಲಿ ಜಾರುವ ಸೀಸದ ಗುಂಡು, ಆಮೇಲೆ ಇನ್ನೊಂದು ಸ್ವಿವೆಲ್, ಅಲ್ಲಿಂದ ಗಾಳದ ದಾರ. ಎಳೆಯುವಾಗ ಹುರಿ ಅಲ್ಲೇ ಬಿಚ್ಚಿಕೊಳ್ಳುತ್ತೆ. ತುಕ್ಕು ಹಿಡಿದ ಸ್ವಿವೆಲ್ ಇದ್ದೂ ಇಲ್ಲದ ಹಾಗೆ. ಬೆರಳಲ್ಲಿ ತಿರುಗಿಸಿ ನೋಡಿ, ಸಲೀಸಾಗಿ ತಿರುಗದಿದ್ದರೆ ಬಿಸಾಕಿ.

ಈಗಾಗಲೇ ಬಿದ್ದಿರೋ ಹುರಿಗೆ ಗಾಳ, ಸೀಸ, ಸ್ವಿವೆಲ್ ಎಲ್ಲ ತೆಗೆದು ಬರೀ ದಾರವನ್ನು ಹರಿಯೋ ನೀರಿಗೆ ಬಿಡಿ. ಹಿನ್ನೀರಲ್ಲಿ ಸೆಳವಿಲ್ಲ, ಹಾಗಾಗಿ ಬಯಲಲ್ಲಿ ಹುಲ್ಲಿನ ಮೇಲೆ ಉದ್ದಕ್ಕೆ ಎಳೆದುಕೊಂಡು ನಡೆದರೂ ಆಗುತ್ತೆ. ತೊಗರಿ ಕೊಯ್ದ ಹೊಲಕ್ಕೆ ಮಾತ್ರ ಹೋಗಬೇಡಿ, ಕೂಳೆಗೆ ಸಿಕ್ಕಿ ದಾರವೇ ಹರಿಯುತ್ತೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿ. ಸ್ಪೂಲ್ ಅಂಚಿನವರೆಗೆ ತುಂಬಬೇಡಿ, ಸ್ವಲ್ಪ ಜಾಗ ಬಿಡಿ.