ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಕರೆಯುತ್ತಿದ್ದರೂ ಕಾಲೇಜು ಫುಟ್‌ಬಾಲ್ ಆಟಗಾರರು ದಾಖಲೆಗೋಸ್ಕರ ಇನ್ನೊಂದು ವರ್ಷ ಉಳಿಯುವುದು ಹುಚ್ಚುತನವಲ್ಲವೇ?

ಹುಚ್ಚುತನ ಹೌದೋ ಅಲ್ಲವೋ ಒಂದೇ ಮಾತಿನಲ್ಲಿ ಹೇಳಿಬಿಡುವ ಧೈರ್ಯ ನನಗಿಲ್ಲ. ಆದರೆ ಅಂಥದ್ದೊಂದು ವರ್ಷವನ್ನು ಪಕ್ಕದಲ್ಲೇ ಇದ್ದು ನೋಡಿದವನು ನಾನು. ಅದನ್ನೇ ಹೇಳುತ್ತೇನೆ, ತೀರ್ಮಾನ ನಿಮಗೇ ಬಿಟ್ಟದ್ದು.

2010ರಿಂದ 2012ರವರೆಗೆ ಅಮೆರಿಕದ ಓಕ್ಲಹೋಮಾ ರಾಜ್ಯದ ನಾರ್ಮನ್ ಎಂಬ ಊರಿನಲ್ಲಿ ಪೆಟ್ರೋಲಿಯಂ ಎಂಜಿನಿಯರಿಂಗ್ ಎಂ.ಎಸ್. ಓದುತ್ತಿದ್ದೆ. ಹುಟ್ಟಿ ಬೆಳೆದದ್ದು ದಾವಣಗೆರೆ. ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವುದು ಅಂತ ತಿಳಿದೇ ವಿಮಾನ ಹತ್ತಿದವನು. ಅಲ್ಲಿ ನೋಡಿದರೆ ಚೆಂಡು ಸುಲಿದ ತೆಂಗಿನಕಾಯಿಯ ಹಾಗೆ ಎರಡೂ ತುದಿಗೆ ಚೂಪು, ಅದನ್ನು ಕೈಯಲ್ಲಿ ಎಸೆಯುತ್ತಾರೆ, ಕೈಯಲ್ಲೇ ಹಿಡಿಯುತ್ತಾರೆ, ಹಿಡಿದವನ ಮೇಲೆ ಮೂರು ನಾಲ್ಕು ಜನ ಬೀಳುತ್ತಾರೆ. ಊರಿನ ಜನಸಂಖ್ಯೆ ಒಂದು ಲಕ್ಷ ಚಿಲ್ಲರೆ, ಯೂನಿವರ್ಸಿಟಿ ಸ್ಟೇಡಿಯಂನಲ್ಲಿ ಆಗ ಸೀಟು 82 ಸಾವಿರ. ಆಟವಿರುವ ಶನಿವಾರ ಊರು ದುಗ್ಗಮ್ಮನ ಜಾತ್ರೆಯ ದಿನದ ದಾವಣಗೆರೆಯೇ. ಬೇವಿನುಡುಗೆಯ ಬದಲು ಎಲ್ಲರ ಮೈಮೇಲೂ ಕಡುಗೆಂಪು ಅಂಗಿ, ಅಷ್ಟೇ ವ್ಯತ್ಯಾಸ.

ಆಗ ನಮ್ಮ ಓಕ್ಲಹೋಮಾ ಯೂನಿವರ್ಸಿಟಿ ತಂಡದ ರಿಸೀವರ್ ರಯಾನ್ ಬ್ರಾಯ್ಲ್ಸ್. ನಾರ್ಮನ್ ಊರಿನ ಹುಡುಗನೇ. ಎತ್ತರ ಆರಡಿಗೂ ಕಡಿಮೆ, ಆ ಆಟದ ಲೆಕ್ಕಕ್ಕೆ ಸಣ್ಣ ಆಳು. ರಿಸೀವರ್ ಕೆಲಸ ಏನೆಂದರೆ, ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಗೊತ್ತುಮಾಡಿಕೊಂಡ ದಾರಿಯಲ್ಲಿ ಓಡಿ, ಕಾವಲಿಗೆ ನಿಂತವನನ್ನು ಅರೆಕ್ಷಣ ಏಮಾರಿಸಿ, ಚೆಂಡು ಬರುವ ಹೊತ್ತಿಗೆ ಆ ಜಾಗದಲ್ಲಿ ಇರುವುದು. ಬ್ರಾಯ್ಲ್ಸ್ ಇರುತ್ತಿದ್ದ. ನನಗೆ ಆಟ ಅರ್ಥವಾಗದಿದ್ದ ದಿನಗಳಲ್ಲೂ ಅದೊಂದು ಕಾಣುತ್ತಿತ್ತು. 2008ರಲ್ಲಿ 46 ಕ್ಯಾಚ್, 2009ರಲ್ಲಿ 89, 2010ರಲ್ಲಿ 131. ಆ 131ರ ಸೀಸನ್ ಮುಗಿದದ್ದು 2011ರ ಜನವರಿ 1ರಂದು, ಫಿಯೆಸ್ಟಾ ಬೌಲ್ ಎಂಬ ಸೀಸನ್ ಕೊನೆಯ ವಿಶೇಷ ಆಟದ ಗೆಲುವಿನೊಂದಿಗೆ. ಹೈಸ್ಕೂಲು ಮುಗಿಸಿ ಮೂರು ವರ್ಷ ದಾಟಿದರೆ ಎನ್‌ಎಫ್‌ಎಲ್ ಡ್ರಾಫ್ಟ್‌ಗೆ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಹೆಸರು ಕೊಡಬಹುದು, ಅವನಿಗೆ ಆ ಅರ್ಹತೆ ಬಂದಿತ್ತು. ಕಾಲೇಜಿನಲ್ಲಿ ಆಡಲು ಸಿಗುವುದು ನಾಲ್ಕು ಸೀಸನ್, ಅದರಲ್ಲಿ ಒಂದು ಬಾಕಿಯಿತ್ತು. ಉಳಿಯುತ್ತೇನೆ ಅಂದ.

ನಿಮ್ಮ ಪ್ರಶ್ನೆ ಹುಟ್ಟುವುದು ಇಲ್ಲೇ ಅಲ್ಲವೇ? ಆಗ ಕಾಲೇಜು ಆಟಗಾರನಿಗೆ ಸಿಗುತ್ತಿದ್ದದ್ದು ಫೀಸು, ವಸತಿ, ಊಟ. ಅವನ ನಂಬರಿನ ಅಂಗಿ ಮಾರಿದ ದುಡ್ಡಲ್ಲಿ ಒಂದು ಕಾಸೂ ಅವನಿಗಲ್ಲ. ಆ ಕಡೆ ಎನ್‌ಎಫ್‌ಎಲ್‌ನ ಮೊದಲ ಒಪ್ಪಂದ ಅಂದರೆ ನಮ್ಮ ಲೆಕ್ಕದಲ್ಲಿ ಕೋಟಿಗಳು. ಈ ಆಟದಲ್ಲಿ ಮಂಡಿ ಹೋಗುವುದು ನಮ್ಮಲ್ಲಿ ಕರೆಂಟ್ ಹೋದಷ್ಟೇ ಮಾಮೂಲು.

ಉಳಿದದ್ದು ದಾಖಲೆಗೋಸ್ಕರವೇ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸಿದ್ದಿಲ್ಲ. ಆ ವರ್ಷ ಸೀಸನ್ ಶುರುವಾಗುವ ಮೊದಲೇ ಓಕ್ಲಹೋಮಾವನ್ನು ದೇಶದ ನಂಬರ್ ಒನ್ ತಂಡ ಅಂತ ಪಟ್ಟಿ ಮಾಡಿದ್ದರು. ಊರಿನ ಹುಡುಗ, ಊರಿನ ತಂಡ, ಗೆಲ್ಲುವ ವರ್ಷ. ದಾಖಲೆ ಅದರ ಬೆನ್ನಿಗೆ ಬಂದ ಲೆಕ್ಕ. ಮೂರು ವರ್ಷಕ್ಕೆ 266 ಕ್ಯಾಚ್ ಆಗಿತ್ತು. ಉನ್ನತ ದರ್ಜೆಯ ಕಾಲೇಜು ಫುಟ್‌ಬಾಲ್‌ನಲ್ಲಿ ಅಲ್ಲಿಯವರೆಗಿನ ಗರಿಷ್ಠ 316, ಪರ್ಡ್ಯೂ ಯೂನಿವರ್ಸಿಟಿಯ ಟೇಲರ್ ಸ್ಟಬಲ್‌ಫೀಲ್ಡ್ 2004ರಲ್ಲಿ ಮುಗಿಸಿದ್ದು. ಇನ್ನು 51 ಹಿಡಿದರೆ ಸಾಕು. ನಾಲ್ಕು ವರ್ಷ ಕೂಡಿಟ್ಟ ಗಂಟು ದಾಖಲೆಯ ಎತ್ತರ ಮುಟ್ಟುವುದು ಕೊನೆಯ ವರ್ಷದಲ್ಲೇ. ಅದಕ್ಕೇ ಇಂಥ ಬೆನ್ನಟ್ಟುವಿಕೆಯೆಲ್ಲ ಕೊನೆಯ ಸೀಸನ್‌ನಲ್ಲೇ ಕಾಣುತ್ತದೆ. ಆಟಗಾರ ಆಸೆಬುರುಕ ಅಂತಲ್ಲ.

ನನ್ನ ಅಪಾರ್ಟ್‌ಮೆಂಟಿನ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದರು, ಮೂಲ ಟಲ್ಸಾ ಊರಿನವರು. ನನಗೆ ಆಟ ಕಲಿಸಿದವರೇ ಅವರು. ಇಡೀ ಊರು ಬ್ರಾಯ್ಲ್ಸ್ ಬ್ರಾಯ್ಲ್ಸ್ ಅನ್ನುತ್ತಿದ್ದರೆ ಅಜ್ಜ ಮಾತ್ರ ಟ್ವಿಲಿ ಹೆಸರು ತೆಗೆಯುತ್ತಿದ್ದರು. ಹೋವರ್ಡ್ ಟ್ವಿಲಿ, ಟಲ್ಸಾ ಯೂನಿವರ್ಸಿಟಿಗೆ 1963ರಿಂದ 1965ರವರೆಗೆ ಆಡಿದವನು. 26 ಆಟದಲ್ಲಿ 261 ಕ್ಯಾಚ್. 1965ರಲ್ಲಂತೂ ಹತ್ತೇ ಆಟದಲ್ಲಿ 134. ಆಗ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಮುಖ್ಯ ತಂಡಕ್ಕೆ ಆಡಿಸುತ್ತಲೇ ಇರಲಿಲ್ಲ, ಆ ನಿಯಮ ಹೋದದ್ದು 1972ರಲ್ಲಿ. ಸೀಸನ್ ಮುಗಿದ ಮೇಲಿನ ಬೌಲ್ ಆಟಗಳ ಅಂಕಿಗಳನ್ನು ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಒಟ್ಟು ಲೆಕ್ಕಕ್ಕೆ ಸೇರಿಸಲು ಶುರುಮಾಡಿದ್ದು 2002ರಿಂದ. ಬ್ರಾಯ್ಲ್ಸ್‌ಗೆ ಸಿಕ್ಕ ಆಟಗಳು ಟ್ವಿಲಿಗೆ ಸಿಕ್ಕದ್ದಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು. "ಒಬ್ಬನಿಗೆ ಮೂರು ಕೊಡ ಕೊಟ್ಟು ಇನ್ನೊಬ್ಬನಿಗೆ ಆರು ಕೊಡ ಕೊಟ್ಟು, ಯಾರು ಹೆಚ್ಚು ನೀರು ತಂದರು ಅಂತ ಕೇಳಿದ ಹಾಗೆ" ಅಂತ ನಾನು ಅಂದಾಗ ಅಜ್ಜನಿಗೆ ಖುಷಿಯೋ ಖುಷಿ. ಇಂಗ್ಲಿಷಿನಲ್ಲಿ ಕೊಡ ಅಂತ ವಿವರಿಸಲು ಮಾತ್ರ ಹತ್ತು ನಿಮಿಷ ಹಿಡಿಯಿತು.

2011ರ ಅಕ್ಟೋಬರ್ 15, ಕ್ಯಾನ್ಸಸ್ ತಂಡದ ಮೇಲೆ, ಅವರ ಊರಾದ ಲಾರೆನ್ಸ್‌ನಲ್ಲಿ. ಸೀಸನ್ನಿನ ಆರನೆಯ ಆಟ. ನಾವು ನಾಲ್ಕು ಜನ ಹುಡುಗರು, ಆ ಅಜ್ಜ, ಒಂದು ದೊಡ್ಡ ಪಾತ್ರೆ ಚಿತ್ರಾನ್ನ, ಟಿ.ವಿ. ಅವತ್ತು ಅವನು ಹಿಡಿದದ್ದು 13 ಕ್ಯಾಚ್, ಅವುಗಳಿಂದ ತಂಡ ಮುಂದೆ ಸಾಗಿದ ದೂರ 217 ಯಾರ್ಡ್. ನಡುವೆ ಎಲ್ಲೋ 317 ಆಗಿಹೋಯಿತು. ಅಜ್ಜ ಟ್ವಿಲಿಯನ್ನು ಮರೆತು ಚಪ್ಪಾಳೆ ಹೊಡೆದರು.

ನಮ್ಮವರು ಯಾವಾಗಲೂ ಕೇಳುವ ಒಂದು ಪ್ರಶ್ನೆಯಿದೆ: ದಾಖಲೆ ಆಗಲಿ ಅಂತ ಬೇಕೆಂದೇ ಅವನಿಗೆ ಚೆಂಡು ಕೊಡುತ್ತಾರಾ? 1999ರಲ್ಲಿ ಕೋಟ್ಲಾದಲ್ಲಿ ಕುಂಬ್ಳೆಗೆ ಒಂಬತ್ತು ವಿಕೆಟ್ ಆದ ಮೇಲೆ ಶ್ರೀನಾಥ್ ಆಫ್ ಸ್ಟಂಪಿನಿಂದ ದೂರ ದೂರ ಹಾಕಿದ್ದು ನೆನಪಿರಬೇಕು. ಅಲ್ಲಿ ಅದು ಸಾಧ್ಯ, ಏಕೆಂದರೆ ಒಂದು ಓವರ್ ಸುಮ್ಮನೆ ಕಳೆದರೆ ತಂಡಕ್ಕೆ ನಷ್ಟವೇನೂ ಇರಲಿಲ್ಲ. ಇಲ್ಲಿ ಕ್ವಾರ್ಟರ್‌ಬ್ಯಾಕ್ ಒಬ್ಬನಿಗೇ ಎಸೆಯುತ್ತಾನೆ ಅಂತ ಗೊತ್ತಾದರೆ ಎದುರಾಳಿಗಳು ಅವನ ಸುತ್ತ ಇಬ್ಬರನ್ನು ನಿಲ್ಲಿಸಿ ಚೆಂಡನ್ನೇ ಕಸಿದುಕೊಂಡು ಓಡುತ್ತಾರೆ. ಹಾಗಾಗಿ ಉಪಕಾರಕ್ಕೆ ಕೊಟ್ಟ ಕ್ಯಾಚುಗಳು ಒಂದೆರಡು ಇರಬಹುದೇ ಹೊರತು 51 ಇರಲಾರವು. ತಂಡದ ಆಟದ ಶೈಲಿ ಅವನಿಗೆ ಒದಗಿಬಂದಿತ್ತು, ಅದಂತೂ ನಿಜ. ಕೋಚ್ ಬಾಬ್ ಸ್ಟೂಪ್ಸ್ ಅವರ ತಂಡ ಗಡಿಬಿಡಿಯಲ್ಲಿ ಆಡುತ್ತಿತ್ತು, ಕ್ವಾರ್ಟರ್‌ಬ್ಯಾಕ್ ಲ್ಯಾಂಡ್ರಿ ಜೋನ್ಸ್ ಎಡೆಬಿಡದೆ ಎಸೆಯುತ್ತಿದ್ದ.

ಮುಂದಿನ ವಾರ ಟೆಕ್ಸಸ್ ಟೆಕ್ ನಮ್ಮೂರಿಗೇ ಬಂದು, ಗುಡುಗು ಮಿಂಚಿನಿಂದ ತಡವಾಗಿ ಶುರುವಾದ ಆಟದಲ್ಲಿ 41–38ರಿಂದ ಗೆದ್ದು ಹೋಯಿತು. ತವರಿನಲ್ಲಿ ಸತತ 39 ಗೆಲುವಿನ ಸರಣಿ ಅವತ್ತಿಗೆ ಮುಗಿಯಿತು. ಆದರೆ ನನಗೆ ಮರೆಯಲಾಗದ್ದು ಅದಲ್ಲ, ನವೆಂಬರ್ 5.

ಅವತ್ತು ಶನಿವಾರ, ಎದುರಾಳಿ ಟೆಕ್ಸಸ್ ಎ ಆ್ಯಂಡ್ ಎಂ. ಆಟದ ನಡುವೆ ಬ್ರಾಯ್ಲ್ಸ್ ಬಿದ್ದ. ಯಾರೂ ಭರ್ಜರಿಯಾಗಿ ಡಿಕ್ಕಿ ಹೊಡೆದ ಹಾಗೆ ನನಗೆ ಕಾಣಲಿಲ್ಲ, ಎಡ ಮಂಡಿ ಮಾತ್ರ ಕೈಕೊಟ್ಟಿತ್ತು. 82 ಸಾವಿರ ಜನ ಒಟ್ಟಿಗೆ ಸುಮ್ಮನಾದರೆ ಹೇಗಿರುತ್ತದೆ ಅಂತ ನನಗೆ ಗೊತ್ತಾದದ್ದು ಆಗ. ತಂಡ 41–25ರಿಂದ ಗೆದ್ದಿತು. ಗೆದ್ದವರ ಮುಖದಲ್ಲಿ ಕಳೆ ಇರಲಿಲ್ಲ.

ರಾತ್ರಿ ಹನ್ನೊಂದರ ಹೊತ್ತಿಗೆ ಮನೆ ಅಲ್ಲಾಡಿತು. ಪ್ರೇಗ್ ಎಂಬ ಹೆಸರಿನ ಓಕ್ಲಹೋಮಾದ್ದೇ ಒಂದು ಚಿಕ್ಕ ಊರಿನ ಹತ್ತಿರ 5.7 ತೀವ್ರತೆಯ ಭೂಕಂಪ. (ನಮ್ಮ ಡಿಪಾರ್ಟ್‌ಮೆಂಟಿಗೆ ಅದು ದೊಡ್ಡ ತಲೆನೋವು. ಎಣ್ಣೆ ಬಾವಿಗಳ ತ್ಯಾಜ್ಯ ನೀರನ್ನು ನೆಲದಾಳಕ್ಕೆ ತುಂಬಿದ್ದರಿಂದಲೇ ಅಲ್ಲಿ ಭೂಮಿ ನಡುಗಿತು ಅಂತ ಸಂಶೋಧಕರು ಆಮೇಲೆ ಬರೆದರು. ಅದು ಬೇರೆಯದೇ ಕಥೆ, ಇನ್ನೊಮ್ಮೆ ಕೇಳಿ.) ತಟ್ಟೆ ಲೋಟ ಗಲಗಲ ಅಂದದ್ದೇ ನಾವೆಲ್ಲ ಬರಿಗಾಲಲ್ಲಿ ಹೊರಗೆ ಓಡಿದೆವು. ಅಜ್ಜ ಆಗಲೇ ಅಂಗಳದಲ್ಲಿ ನಿಂತಿದ್ದರು. ನನ್ನನ್ನು ಕಂಡವರೇ ಕೇಳಿದ್ದು, ಮಂಡಿಯ ಸುದ್ದಿ ಏನಾದರೂ ಬಂತಾ ಅಂತ.

ಸುದ್ದಿ ಆಮೇಲೆ ಬಂತು. ಎಸಿಎಲ್ ಅನ್ನುವ ಮಂಡಿಯೊಳಗಿನ ಕಟ್ಟು ಹರಿದಿದೆ, ಸೀಸನ್ ಮುಗಿಯಿತು, ಅಂದರೆ ಕಾಲೇಜು ಆಟವೇ ಮುಗಿಯಿತು. ಒಟ್ಟು 349 ಕ್ಯಾಚ್, 4,586 ಯಾರ್ಡ್, 45 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಅಂಕ ಗಳಿಸುವುದು). ಅವನಿಲ್ಲದ ತಂಡ ಬೇಲರ್ ಕೈಲಿ ಸೋತಿತು, ಓಕ್ಲಹೋಮಾ ಸ್ಟೇಟ್ ಕೈಲಂತೂ 44–10. ಲ್ಯಾಂಡ್ರಿ ಜೋನ್ಸ್ ಕೈಯಿಂದ ಟಚ್‌ಡೌನ್ ಪಾಸ್ ಬರುವುದೇ ಅಪರೂಪವಾಯಿತು. ರಿಸೀವರ್‌ಗೆ ಕ್ವಾರ್ಟರ್‌ಬ್ಯಾಕ್ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದರ ಇನ್ನೊಂದು ಮಗ್ಗುಲನ್ನು ನಾವು ಆ ನವೆಂಬರಿನಲ್ಲಿ ನೋಡಿದೆವು.

2012ರ ಡ್ರಾಫ್ಟ್‌ನಲ್ಲಿ ಡೆಟ್ರಾಯಿಟ್ ಲಯನ್ಸ್ ಅವನನ್ನು ಎರಡನೆಯ ಸುತ್ತಿನಲ್ಲಿ, 54ನೆಯವನಾಗಿ ತೆಗೆದುಕೊಂಡಿತು. ಮಂಡಿ ಗಟ್ಟಿಯಿದ್ದಿದ್ದರೆ ಇನ್ನೂ ಮೊದಲೇ ಹೋಗುತ್ತಿದ್ದನೋ ಏನೋ. ಅಲ್ಲಿ ಮೊದಲ ವರ್ಷವೇ ಇನ್ನೊಂದು ಮಂಡಿ, ಮರುವರ್ಷ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು. ಮೂರು ಸೀಸನ್ ಕೂಡಿಸಿ 32 ಕ್ಯಾಚ್. ಕಾಲೇಜಿನಲ್ಲಿ ನಾಲ್ಕೇ ಆಟಕ್ಕೆ ಅಷ್ಟು ಹಿಡಿದುಬಿಡುತ್ತಿದ್ದ.

ಆದರೆ ಈ ಕಥೆ ಬರೀ ಅಯ್ಯೋ ಪಾಪ ಅನ್ನುವಂಥದ್ದಲ್ಲ. ಆಡುತ್ತಿದ್ದಾಗಲೇ ಅವನೂ ಹೆಂಡತಿಯೂ ವರ್ಷಕ್ಕೆ ಸುಮಾರು 60,000 ಡಾಲರ್‌ನಲ್ಲಿ ಸಂಸಾರ ಮಾಡಿ, ಮಿಕ್ಕದ್ದನ್ನು ಉಳಿತಾಯಕ್ಕೆ ಹಾಕುತ್ತಿದ್ದರು. 2015ರಲ್ಲಿ ಆ ಸುದ್ದಿ ಅಮೆರಿಕದ ಪತ್ರಿಕೆಗಳಲ್ಲೆಲ್ಲ ಓಡಾಡಿತು. ಅವನ 349 ಕ್ಯಾಚುಗಳಿಗಿಂತ ಅದೇ ಹೆಚ್ಚು ಜನಕ್ಕೆ ಗೊತ್ತಿದೆ ಅನ್ನುವುದು ತಮಾಷೆ.

ದಾಖಲೆ ಹೆಚ್ಚು ಕಾಲ ಉಳಿಯಲಿಲ್ಲ. 2014ರಲ್ಲಿ ಈಸ್ಟ್ ಕ್ಯಾರೊಲಿನಾದ ಜಸ್ಟಿನ್ ಹಾರ್ಡಿ ಅದನ್ನು ದಾಟಿ 387ಕ್ಕೆ ನಿಲ್ಲಿಸಿದ. ಅವನೂ ಕೊನೆಯ ಸೀಸನ್‌ನಲ್ಲೇ. ಎರಡೇ ವರ್ಷಕ್ಕೆ ಅದೇ ಕಾಲೇಜಿನ ಜೇ ಜೋನ್ಸ್, ಅವನದೂ ಕೊನೆಯ ವರ್ಷವೇ, ಒಂದೇ ಸೀಸನ್‌ಗೆ 158 ಹಿಡಿದು 399 ಮಾಡಿಟ್ಟ. ಹಾರ್ಡಿಯ ಕಾಲಕ್ಕೆ ಆ ತಂಡದ ದಾಳಿ ರೂಪಿಸುತ್ತಿದ್ದವರು ಲಿಂಕನ್ ರೈಲಿ. 2015ರಲ್ಲಿ ಓಕ್ಲಹೋಮಾ ಯಾರನ್ನು ಕರೆಸಿಕೊಂಡಿತು ಹೇಳಿ? ಅದೇ ರೈಲಿಯವರನ್ನು. ನಮ್ಮ ಹುಡುಗನ ದಾಖಲೆ ಮುರಿಸಿದವರಿಗೆ ನಮ್ಮೂರಲ್ಲೇ ಕೆಲಸ. ನಾನು ಅಷ್ಟರಲ್ಲಿ ಹ್ಯೂಸ್ಟನ್ ಸೇರಿದ್ದೆ, ಫೋನಿನಲ್ಲಿ ಅಜ್ಜನ ಜೊತೆ ನಕ್ಕದ್ದು ನೆನಪಿದೆ.

ಇನ್ನು ಉಳಿದು ಗೆದ್ದವರ ಮಾತು. ಅಲಬಾಮಾದ ಡೆವಾಂಟಾ ಸ್ಮಿತ್ ಇದಕ್ಕೆ ತದ್ವಿರುದ್ಧ. 2019ರ ಸೀಸನ್ ಮುಗಿದಾಗ ಅವನ ಜೊತೆಗಾರ ರಿಸೀವರ್‌ಗಳಾದ ಜೆರ್ರಿ ಜ್ಯೂಡಿ, ಹೆನ್ರಿ ರಗ್ಸ್ ಇಬ್ಬರೂ ಡ್ರಾಫ್ಟ್‌ಗೆ ಹೋಗಿ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಸ್ಮಿತ್ ಉಳಿದ. ಕಡ್ಡಿ ಹಾಗಿದ್ದ, ತೂಕ 80 ಕೆ.ಜಿ. ದಾಟದವನು. ಬಂದದ್ದು ಕೋವಿಡ್ ವರ್ಷ. ಸಲೀಸಾಗಿ ಸೋಲಿಸಬಹುದಾದ ಸಣ್ಣ ತಂಡಗಳ ಜೊತೆಗಿನ ಆಟಗಳೇ ರದ್ದು, ತಮ್ಮ ಲೀಗಿನ ಗಟ್ಟಿ ತಂಡಗಳ ಜೊತೆ ಮಾತ್ರ ಹತ್ತು ಆಟ. ಅಕ್ಟೋಬರಿನಲ್ಲಿ ಇನ್ನೊಬ್ಬ ಒಳ್ಳೆಯ ರಿಸೀವರ್ ಜೇಲನ್ ವಾಡಲ್ ಕಾಲಿಗೂ ಪೆಟ್ಟಾಯಿತು. ಎದುರಾಳಿಗಳೆಲ್ಲ ಸ್ಮಿತ್ ಒಬ್ಬನನ್ನೇ ಕಾಯಬಹುದಿತ್ತು, ಕಾದರು ಕೂಡ. ಆದರೂ 117 ಕ್ಯಾಚ್, 1,856 ಯಾರ್ಡ್, 23 ಟಚ್‌ಡೌನ್. ನಾಲ್ಕು ವರ್ಷಕ್ಕೆ 3,965 ಯಾರ್ಡ್, 46 ಟಚ್‌ಡೌನ್, ಆ ಲೀಗಿನ ಎರಡೂ ದಾಖಲೆ ಅವನದಾಯಿತು. ಜೊತೆಗೆ 1991ರ ನಂತರ ರಿಸೀವರ್ ಒಬ್ಬನಿಗೆ ಮೊದಲ ಬಾರಿ ಹೈಸ್ಮನ್ ಟ್ರೋಫಿ, ಅಂದರೆ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಮತದಾನದಿಂದ ಕೊಡುವ ಪ್ರಶಸ್ತಿ. ಆ ಮತದಾನದಲ್ಲಿ ಅವನಿಗೆ ಬಿದ್ದ ಅಂಕಗಳೂ 1,856! ಫೈನಲ್‌ನಲ್ಲಿ ಒಹಾಯೊ ಸ್ಟೇಟ್ ಮೇಲೆ ಅರ್ಧ ಆಟದಲ್ಲೇ 12 ಕ್ಯಾಚ್, 215 ಯಾರ್ಡ್, ಮೂರು ಟಚ್‌ಡೌನ್. ಆಮೇಲೆ ಬೆರಳು ತಪ್ಪಿ ಹೊರಗೆ ಹೋದ. ಪೆಟ್ಟು ಅವನಿಗೂ ಆಯಿತು, ನೋಡಿ. ಬೆರಳಿಗೆ, ಅದೂ ಎಲ್ಲ ಮುಗಿಯುವ ಹೊತ್ತಿಗೆ. ಬ್ರಾಯ್ಲ್ಸ್‌ಗೆ ಮಂಡಿಗೆ, ಅದೂ ನಡುದಾರಿಯಲ್ಲಿ. ಇವರಿಬ್ಬರಲ್ಲಿ ಒಬ್ಬ ಜಾಣ, ಇನ್ನೊಬ್ಬ ಹುಚ್ಚ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ ನಿಮ್ಮ ಪ್ರಶ್ನೆಯ ಬಿಸಿಯೇ ಆರಿದೆ ಅನ್ನಿ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ದುಡಿಯಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಕೊಡಬಹುದು. ಒಳ್ಳೆಯ ರಿಸೀವರ್ ಇನ್ನೊಂದು ವರ್ಷ ಉಳಿದರೆ ಹೊಟ್ಟೆಗಿಲ್ಲದೆ ಉಳಿಯುವುದಿಲ್ಲ. ಮಂಡಿ ಮಾತ್ರ ಅದೇ ಮಂಡಿ.

ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿದರೆ, ಆ 131 ಕ್ಯಾಚಿನ ಜನವರಿಯಲ್ಲೇ ಗಂಟುಮೂಟೆ ಕಟ್ಟುತ್ತಿದ್ದೆ. ಆದರೆ ನಾನು ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಸಿಕ್ಕ ಮೊದಲ ಕೆಲಸಕ್ಕೇ, ಸಂಬಳ ಎಷ್ಟು ಅಂತಲೂ ಕೇಳದೆ ಹೂಂ ಅಂದವನು. ನನ್ನ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡಿ.