ಇಷ್ಟ ಇದ್ದವರು ಪಾಲಿಸಿ ಅಂದ್ರೆ ಯಾರು ಪಾಲಿಸ್ತಾರೆ?

ತುಮಕೂರಿನಲ್ಲಿ ಹೆಲ್ಮೆಟ್ ಅಂಗಡಿ ಇಟ್ಟಿರುವ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕಿಲ್ಲ. ‘ಐಎಸ್‌ಐ ಮಾನದಂಡ ಬರೆಯುವ ಸಮಿತಿಯಲ್ಲಿ ಕಂಪನಿಯವರೇ ಕೂತಿರ್ತಾರೆ. ಇಷ್ಟ ಇದ್ದವರು ಪಾಲಿಸಲಿ ಅಂತ ಬರೆದಿದ್ದನ್ನು ಸರ್ಕಾರ ಒಂದಿನ ಕಾನೂನು ಮಾಡಿಬಿಡುತ್ತೆ. ಸಣ್ಣವರು ಬಾಗಿಲು ಹಾಕಬೇಕು. ಗಿರಾಕಿಗೆ ಬುದ್ಧಿ ಇಲ್ವಾ, ಅವನೇ ಆರಿಸಿಕೊಳ್ಳಲಿ.’ ಪತ್ರದ ಸಾರ ಇಷ್ಟು.

ಸಣ್ಣವರ ಕಷ್ಟ ಸುಳ್ಳಲ್ಲ ಸ್ವಾಮಿ. ಲೈಸೆನ್ಸು, ಪರೀಕ್ಷೆ, ಓಡಾಟದ ಖರ್ಚು ಸೇರಿದರೆ ಹತ್ತು ಜನರ ಕಾರ್ಖಾನೆಗೆ ಭಾರವೇ. ಒಪ್ಪಿದೆ.

ಆದರೆ ನಿಮ್ಮದೇ ವ್ಯಾಪಾರ ನೋಡಿ. ಸವಾರ ಬಿಐಎಸ್ (ಐಎಸ್‌ಐ ಗುರುತು ಕೊಡುವ ಕೇಂದ್ರದ ಸಂಸ್ಥೆ) ಮಾನದಂಡದ ಹೆಲ್ಮೆಟ್ಟನ್ನೇ ಹಾಕಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯೇ ಹೇಳಿತ್ತು. ಐಎಸ್‌ಐ ಗುರುತಿಲ್ಲದ್ದನ್ನು ತಯಾರಿಸಿ ಮಾರುವಂತಿಲ್ಲ ಎಂಬ ಆದೇಶ ಜಾರಿಗೆ ಬಂದಿದ್ದು 2021ರ ಜೂನ್ 1ಕ್ಕೆ. ನಡುವಿನ ಮೂವತ್ತು ಚಿಲ್ಲರೆ ವರ್ಷ ದಂಡ ಕಟ್ಟೋನು ಸವಾರ, ಮಾರೋನು ಆರಾಮ. ಇದು ಯಾವ ಸೀಮೆ ನ್ಯಾಯ?

ಈಚೆಗೆ ನಮ್ಮ ಕಚೇರಿಯ ಹುಡುಗ ಬಿ.ಎಚ್. ರಸ್ತೆ ಬದಿಯಲ್ಲಿ ಒಂದು ಹೆಲ್ಮೆಟ್ ತಂದ. ಹೊರಗೆ ಫಳಫಳ. ಐಎಸ್‌ಐ ಸ್ಟಿಕ್ಕರ್ ಇದೆ, ಅದರ ಕೆಳಗೆ ಇರಬೇಕಾದ ಸಿಎಂ/ಎಲ್ ನಂಬರ್, ಅಂದರೆ ತಯಾರಕನ ಲೈಸೆನ್ಸ್ ನಂಬರ್, ಮಾತ್ರ ಇಲ್ಲ. ಒಳಬಟ್ಟೆ ಬಿಚ್ಚಿದೆವು. ಪೆಟ್ಟು ತಿಂದು ತಾನು ಕುಗ್ಗಬೇಕಾದ ದಪ್ಪ ಥರ್ಮಕೋಲ್ ಇರುವ ಜಾಗದಲ್ಲಿ ಬೆರಳಿನಷ್ಟೂ ದಪ್ಪ ಇಲ್ಲದ ಸ್ಪಂಜು. ಪಟ್ಟಿ ಜಗ್ಗಿದರೆ ರಿವೆಟ್ ಸಮೇತ ಕೈಗೆ ಬಂತು. ಗಿರಾಕಿ ಆರಿಸಿಕೊಳ್ಳಲಿ ಅಂತೀರಲ್ಲ, ಅಂಗಡಿಯಲ್ಲಿ ನಿಂತು ಒಳಬಟ್ಟೆ ಬಿಚ್ಚಿ ನೋಡೋಕೆ ಬಿಡ್ತೀರಾ?

ಇನ್ನು, ಮಾನದಂಡವನ್ನು ಕಸುಬಿನವರೇ ಬರೆದಿದ್ದು ಅನ್ನೋದು ತಪ್ಪಲ್ಲ, ಅದೇ ಅದರ ಬಲ. ಅಮೆರಿಕದ ಬ್ರಾಕ್‌ಟನ್ ಊರಿನ ಶೂ ಕಾರ್ಖಾನೆಯಲ್ಲಿ 1905ರಲ್ಲಿ ಬಾಯ್ಲರ್ ಸಿಡಿದು 58 ಜನ ಸತ್ತರು. ಆ ರಾಜ್ಯ 1907ರಲ್ಲಿ ಬಾಯ್ಲರ್ ಕಾನೂನು ತಂದಿತು. ಆಮೇಲೆ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವೇ ಕೂತು ಬಾಯ್ಲರ್ ಹೇಗಿರಬೇಕೆಂದು 1914ರ ಸಂಹಿತೆ, ಅಂದರೆ ನಿಯಮಗಳ ಪುಸ್ತಕ, ಬರೆಯಿತು. ಸಂಘದ ಪುಸ್ತಕಕ್ಕೆ ದಂಡ ಹಾಕುವ ಅಧಿಕಾರ ಎಲ್ಲಿಂದ ಬರಬೇಕು? ರಾಜ್ಯಗಳು ಅದನ್ನು ತಮ್ಮ ಕಾನೂನಿಗೆ ಸೇರಿಸಿಕೊಂಡವು, ಆಗ ಬಂತು. ಯಾವ ತಗಡು ಎಷ್ಟು ಒತ್ತಡ ತಡೆಯುತ್ತೆ ಅನ್ನೋದು ವಿಧಾನಸೌಧದ ಗುಮಾಸ್ತರಿಗೆ ಗೊತ್ತಿರಲ್ಲ. ಗೊತ್ತಿರುವವರು ಬರೆಯಲಿ, ಸರ್ಕಾರ ಕೋಲು ಹಿಡಿಯಲಿ.

ಕೋಲು ಹಿಡಿಯದಿದ್ದರೆ ಏನಾಗುತ್ತೆ ಅಂತ ನೋಡಬೇಕೆಂದರೆ ಹೆಲ್ಮೆಟ್ ಬಿಡಿ, ಕಟ್ಟಡ ನೋಡಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಬೆಂಕಿ ಬಿದ್ದಾಗ ಜನ ಹೊರಬರುವ ದಾರಿ ಹೇಗಿರಬೇಕೆಂದು ವಿವರವಾಗಿ ಇದೆ. ಆದರೆ ಅದು ಬರೀ ಶಿಫಾರಸು. ರಾಜ್ಯವೋ ಪಾಲಿಕೆಯೋ ತನ್ನ ಬೈಲಾಗೆ ಸೇರಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಸೇರಿಸಿಕೊಂಡರೂ ಬಂದು ನೋಡೋರು ಬೇಕಲ್ಲ? ಒಂದು ಸಂಜೆ ಯಾವುದಾದರೂ ಟ್ಯೂಷನ್ ಸೆಂಟರಿನ ಮೂರನೇ ಮಹಡಿ ಹತ್ತಿ. ಒಂದೇ ಮೆಟ್ಟಿಲು. ಕೆಳಗೆ ಕರೆಂಟ್ ಮೀಟರುಗಳ ಗೋಡೆ, ಅದಕ್ಕೆ ಒರಗಿಸಿದ ಮಕ್ಕಳ ಸ್ಕೂಟರುಗಳು. ಟೆರೇಸಿನ ಬಾಗಿಲಿಗೆ ಬೀಗ.

ಕೊನೆಗೆ ನಿಮಗೊಂದು ಪ್ರಶ್ನೆ, ಬೇಜಾರಾಗಬೇಡಿ. ಬಿಐಎಸ್ ಮಾನದಂಡದ ಕರಡನ್ನು ಸಾಮಾನ್ಯವಾಗಿ ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡುತ್ತದೆ. ‘ಈ ಪರೀಕ್ಷೆ ಸಣ್ಣ ಕಾರ್ಖಾನೆಗೆ ಆಗಲ್ಲ, ಹೀಗೆ ಮಾಡಿ’ ಅಂತ ನಿಮ್ಮ ವರ್ತಕರ ಸಂಘದಿಂದ ಒಂದಾದರೂ ಕಾಗದ ಹೋಗಿದೆಯಾ? ಕಂಪನಿಯವರು ಬರೀತಾರೆ, ಅವರ ಮಾತು ನಡೆಯುತ್ತೆ. ನೀವೂ ಬರೆಯಿರಿ, ಇಂಗ್ಲಿಷ್ ಬರಲ್ಲ ಅಂದ್ರೆ ಕನ್ನಡದಲ್ಲೇ ಬರೆಯಿರಿ, ಓದೋದು ಅವರ ಕೆಲಸ. ಒಂದು ನಕಲು ನಮಗೂ ಕಳಿಸಿ, ಅಚ್ಚು ಹಾಕ್ತೀವಿ.

– ಸಂಪಾದಕ