‘ದೇವರಂಥ ಮನುಷ್ಯ’ನ ಹೆಂಡತಿಗೆ ಸಿಟ್ಟು ಬರಬಾರದಾ?

ಪ್ರಶ್ನೆ: ಅಕ್ಕಾ, ನಾವು ಸೋಮವಾರಪೇಟೆ ಕಡೆಯವರು. ಸ್ವಲ್ಪ ಕಾಫಿ, ಮೆಣಸು ಇದೆ. ಹೋದ ಆಗಸ್ಟ್‌ನಲ್ಲಿ ನಮ್ಮ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ಬಹಳ ಮೃದು ಮನುಷ್ಯ. ಯಾರಿಗೂ ದನಿ ಎತ್ತಿ ಮಾತಾಡಿದವರಲ್ಲ. ಮಳೆಗಾಲದಲ್ಲಿ ನಾನು ಏಳುವ ಮೊದಲೇ ಹಂಡೆಗೆ ಉರಿ ಹಾಕಿರುತ್ತಿದ್ದರು. ಊರೆಲ್ಲ ‘ದೇವರಂಥ ಮನುಷ್ಯ’ ಅನ್ನುತ್ತದೆ. ಅವರ ಬಾಲ್ಯದ ಗೆಳೆಯರೊಬ್ಬರು ಈಗಲೂ ಪ್ರತಿ ಸಂತೆ ದಿನ ಬಂದು, ಜಗಲಿಯಲ್ಲಿ ಕೂತು ಅಳುತ್ತಾರೆ. ಈಚೆಗೆ ಬೀರು ತೆಗೆದಾಗ ಇವರ ಡೈರಿ ಸಿಕ್ಕಿತು. ತುಂಬ ಕೈಸಾಲದ ಲೆಕ್ಕ. ಆ ಗೆಳೆಯರ ಹೆಸರಿನ ಮುಂದೆ, ಎರಡು ವರ್ಷದ ಹಿಂದೆ ಸ್ಪ್ರಿಂಕ್ಲರ್‌ಗೆಂದು ಕೊಟ್ಟ 2 ಲಕ್ಷ. ಅದೇ ವರ್ಷ ಮಗಳ ಕಾಲೇಜು ಫೀಸಿಗೆ ನನ್ನ ಬಳೆ ಅಡವಿಟ್ಟಿದ್ದೆವು. ನನಗೆ ಒಂದು ಮಾತು ಹೇಳಿರಲಿಲ್ಲ. ಆವತ್ತಿನಿಂದ ಸಿಟ್ಟು ಬರುತ್ತದೆ, ಸಿಟ್ಟು ಬಂತಲ್ಲ ಎಂದು ಅಳು ಬರುತ್ತದೆ. ವರ್ಷದ ತಿಥಿ ಆದ ಮೇಲೆ ಗೆಳೆಯರೆಲ್ಲ ಸೇರಿ ನೆನಪಿನ ಸಭೆ ಮಾಡುತ್ತಾರಂತೆ. ನಾನೂ ನಾಲ್ಕು ಮಾತಾಡಬೇಕಂತೆ. ಏನು ಮಾತಾಡಲಿ? ದುಡ್ಡು ಕೇಳಿದರೆ ಅವರ ಹೆಸರು ಕೆಡಿಸಿದ ಹಾಗಾಗುತ್ತದಾ?
– ಹೆಸರು ಬೇಡ

ಉತ್ತರ: ಹೆಂಡತಿಯ ಬಳೆ ಅಡವಿಟ್ಟ ವರ್ಷವೇ ಗಂಡ ಇನ್ನೊಬ್ಬರಿಗೆ 2 ಲಕ್ಷ ಕೊಟ್ಟಿದ್ದ ಅಂತ ಗೊತ್ತಾದರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ? ಅವರು ಇದ್ದಿದ್ದರೆ ಒಂದು ರಾತ್ರಿ ಚೆನ್ನಾಗಿ ಜಗಳ ಆಗುತ್ತಿತ್ತು. ಅವರು ತಲೆ ತಗ್ಗಿಸಿ ಕೂರುತ್ತಿದ್ದರು. ನೀವು ಎರಡು ದಿನ ಮಾತು ಬಿಡುತ್ತಿದ್ದಿರಿ. ಮೂರನೇ ದಿನ ಅದೂ ಮುಗಿಯುತ್ತಿತ್ತು. ಈಗ ಜಗಳ ಆಡೋಣ ಅಂದರೆ ಎದುರಿಗೆ ಅವರಿಲ್ಲ. ಆ ಸಿಟ್ಟೆಲ್ಲ ನಿಮ್ಮ ಮೇಲೆಯೇ ಬಂದು ಬೀಳುತ್ತಿದೆ. ಪ್ರೀತಿಗೇನೂ ಕುಂದು ಬಂದಿಲ್ಲ.

ಮೃದು ಮನುಷ್ಯರ ಬಗ್ಗೆ ನನ್ನದೊಂದು ಅಭಿಪ್ರಾಯ ಇದೆ, ಹೇಳಿದರೆ ಕೆಲವರಿಗೆ ಇಷ್ಟ ಆಗಲ್ಲ. ಅವರು ಊರಿಗೆಲ್ಲ ‘ಆಯ್ತು’ ಅನ್ನಬೇಕಾದರೆ ಮನೆಯಲ್ಲಿ ‘ಆಗಲ್ಲ’ ಅನ್ನುವವರು ಒಬ್ಬರು ಇರಲೇಬೇಕು. ಕುಯ್ಲಿನವರ ಕೂಲಿ ಎಷ್ಟು, ಗೊಬ್ಬರಕ್ಕೆ ಎಷ್ಟು, ಸೊಸೈಟಿ ಕಂತು ಯಾವಾಗ ಅಂತ ಲೆಕ್ಕ ಇಡುವವರು. ಕಾಫಿ ದುಡ್ಡು ಬರುವುದು ವರ್ಷಕ್ಕೊಮ್ಮೆ. ಕುಯ್ದು, ಕಣದಲ್ಲಿ ಒಣಗಿಸಿ, ಮಾರಿ ಬಂದದ್ದನ್ನು ಮುಂದಿನ ಕುಯ್ಲಿನವರೆಗೆ ಎಳೆಯಬೇಕು. ನಿಮ್ಮ ಮನೆಯಲ್ಲಿ ಹಾಗೆ ಎಳೆದವರು ನೀವೇ ಇರಬೇಕು, ಅಲ್ವಾ? ಊರು ಹೊಗಳುವ ಆ ಒಳ್ಳೆಯತನದಲ್ಲಿ ನಿಮ್ಮ ಬಳೆಯೂ ಸೇರಿದೆ. ಅದು ಯಾರಿಗೂ ಗೊತ್ತಿಲ್ಲ. ‘ದೇವರಂಥ ಮನುಷ್ಯ’ ಅಂದಾಗೆಲ್ಲ ನಿಮಗೆ ಚುಚ್ಚುವುದು ಅದಕ್ಕೇ. ದೇವರ ಜೊತೆ ಜಗಳ ಆಡೋದು ಹೇಗೆ? ಗಂಡನ ಜೊತೆ ಆಡಬಹುದು. ಅವರನ್ನು ಗಂಡನಾಗಿಯೇ ಇಟ್ಟುಕೊಳ್ಳಿ.

ಇನ್ನು ಆ ಗೆಳೆಯರು. ಅವರ ಅಳು ಬರೀ ನಾಟಕ ಅಂತ ನಿಮಗೆ ಒಂದು ಗಳಿಗೆಯಾದರೂ ಅನ್ನಿಸಿರಬೇಕು. ನೀವು ಬರೆದಿಲ್ಲ, ನನ್ನ ಊಹೆ. ನನಗೆ ಹಾಗೆ ಅನ್ನಿಸಲ್ಲ. ಪ್ರತಿ ವಾರ ಬಾಯಿಗೆ ಬಂದ ಮಾತು ನುಂಗಿಕೊಂಡು ಎದ್ದು ಹೋಗುತ್ತಿದ್ದಾರೋ ಏನೋ. ಹೇಳಿದರೆ ಗೆಳೆಯನ ಗುಟ್ಟು ಬಿಟ್ಟುಕೊಟ್ಟ ಹಾಗೆ ಅಂದುಕೊಂಡಿರಬಹುದು. ಸುಮ್ನೆ ಇದ್ದರೆ ಹಾಗೇ ಮುಚ್ಚಿಹೋಗುತ್ತದೆ ಅಂತಲೂ ಇರಬಹುದು, ಮನುಷ್ಯರಲ್ವಾ. ಕೇಳದೆ ಗೊತ್ತಾಗಲ್ಲ.

ಕೇಳಿ. ಸಭೆಗೆ ಮೊದಲೇ ಕೇಳಿ. ಎಲ್ಲರೆದುರು ಹೊಗಳಿ ಮನೆಗೆ ಹೋದವರ ಹತ್ತಿರ ಮರುದಿನ ಲೆಕ್ಕ ತೆಗೆದರೆ ಇಬ್ಬರಿಗೂ ಮುಜುಗರ. ಮುಂದಿನ ಸಂತೆ ದಿನ ಬಂದಾಗ ಕಾಫಿ ಕೊಟ್ಟು, ಡೈರಿಯ ಆ ಪುಟ ತೋರಿಸಿ. ‘ಅಣ್ಣಾ, ಇದು ಈಗ ಕಣ್ಣಿಗೆ ಬಿತ್ತು. ನಿಮಗೆ ಹೇಗೆ ಅನುಕೂಲ ಆಗುತ್ತೆ ಹೇಳಿ’ ಅನ್ನಿ. ಅಷ್ಟು ಸಾಕು. ‘ಅವರಾಗಿದ್ದರೆ ಕೇಳುತ್ತಿರಲಿಲ್ಲ, ಏನು ಮಾಡೋದು’ ಅಂತ ಮಾತ್ರ ಶುರು ಮಾಡಬೇಡಿ. ಒಟ್ಟಿಗೆ ಕೊಡಲು ಆಗದಿದ್ದರೆ ಎರಡು ಕುಯ್ಲಿಗೆ ಹಂಚಿಕೊಳ್ಳಲಿ. ಕೊಟ್ಟ ಸಾಲವನ್ನು ವಾಪಸ್ ಕೇಳಿದರೆ ಕೊಟ್ಟವರ ಹೆಸರು ಕೆಡುವುದಿಲ್ಲ.

ಒಂದು ಚೀಟಿಯನ್ನೂ ಬರೆಸಿಕೊಳ್ಳಿ. ತೀರಿಸುವ ದಿನ ಗೊತ್ತು ಮಾಡದ ಕೈಸಾಲಕ್ಕೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಕೊಟ್ಟ ದಿನದಿಂದ 3 ವರ್ಷ ಮಾತ್ರ ಸಮಯ. ಅಷ್ಟರೊಳಗೆ ‘ಇಷ್ಟು ಬಾಕಿ ಇದೆ’ ಎಂದು ಅವರು ಬರೆದು ಸಹಿ ಹಾಕಿದರೆ, ಸಹಿ ಹಾಕಿದ ದಿನದಿಂದ ಮತ್ತೆ 3 ವರ್ಷ. ಬರೀ ಡೈರಿ ನಂಬಿಕೊಂಡರೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ತೀರಿಕೊಂಡವರಿಗೆ ಬರಬೇಕಾದ ಸಾಲಕ್ಕೆ ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ಬೇಕಾದರೆ ವಾರಸುದಾರರು ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರವನ್ನೂ ತರಬೇಕಾಗುತ್ತದೆ. ಅಷ್ಟು ದೂರ ಹೋಗುವ ಪ್ರಸಂಗ ನಿಮಗೆ ಬರಲಿಕ್ಕಿಲ್ಲ, ಆದರೂ ತಿಳಿದಿರಲಿ. ನಿಮ್ಮ ಯಜಮಾನರಂಥವರು ಯಾರದ್ದಾದರೂ ಸಾಲಕ್ಕೆ ಜಾಮೀನು ಹಾಕಿರುವುದೂ ಉಂಟು, ಸೊಸೈಟಿಯಲ್ಲಿ ಒಮ್ಮೆ ವಿಚಾರಿಸಿ. ಹಾಕಿದ್ದರೂ ಗಾಬರಿ ಬೇಡ. ಅವರು ಬಿಟ್ಟುಹೋದ ಆಸ್ತಿಯ ಮಿತಿಯಲ್ಲಷ್ಟೇ ಅದು ನಿಮಗೆ ತಾಗುತ್ತದೆ.

ಡೈರಿಯಲ್ಲಿ ಬೇರೆ ಹೆಸರುಗಳೂ ಇರುತ್ತವಲ್ಲ. ಲೈನ್ ಮನೆಯ ತೋಟದ ಕೆಲಸದವರ ಮದುವೆಗೆ, ಹೆರಿಗೆಗೆ, ಆಸ್ಪತ್ರೆಗೆ ಕೊಟ್ಟದ್ದು. ಅಂಥವನ್ನು ಏನು ಮಾಡಬೇಕು ಅಂತ ನಾನು ಹೇಳಲಾರೆ. ಒಂದು ಸಂಜೆ ಕೂತು, ಯಾವುದನ್ನು ಬಿಟ್ಟರೆ ನಿಮ್ಮ ಮನಸ್ಸಿಗೂ ಸಮಾಧಾನವೋ ಅದನ್ನು ಹೊಡೆದುಹಾಕಿ. ಆವತ್ತು ಅವರು ನಿಮ್ಮನ್ನು ಕೇಳದೆ ಕೊಟ್ಟರು. ಬಿಡುವುದಾದರೆ ನೀವು ಗೊತ್ತಿದ್ದೇ ಬಿಡುತ್ತೀರಿ. ಆಗ ಅದು ಇಬ್ಬರ ದಾನ.

ಸಭೆಯಲ್ಲಿ ಏನು ಮಾತಾಡುವುದು ಅಂತ ಕೇಳಿದಿರಿ. ಸರಳ ಜೀವಿ, ಸಜ್ಜನ, ಅಜಾತಶತ್ರು ಅನ್ನುವುದನ್ನೆಲ್ಲ ಗೆಳೆಯರು ಫ್ಲೆಕ್ಸ್‌ನಲ್ಲೇ ಹಾಕಿಸಿರುತ್ತಾರೆ. ನೀವು ಹಂಡೆಯ ಉರಿಯ ವಿಷಯ ಹೇಳಿ. ಜಡಿಮಳೆಯಲ್ಲಿ ನೆನೆದ ಸೌದೆ ಉರಿಸುವ ಕಷ್ಟ ಅಲ್ಲಿ ಕೂತವರಿಗೆಲ್ಲ ಗೊತ್ತು. ಆಮೇಲೆ, ‘ಅವರಿಗೆ ಯಾರಿಗೂ ಇಲ್ಲ ಅನ್ನಲು ಬರುತ್ತಿರಲಿಲ್ಲ, ಹಾಗಾಗಿ ನಮ್ಮ ಮನೆಯಲ್ಲಿ ಇಲ್ಲ ಅನ್ನುವ ಕೆಲಸ ನನ್ನದಾಗಿತ್ತು’ ಅನ್ನಿ. ಜನ ನಗುತ್ತಾರೆ. ನಗಲಿ. ಸುಳ್ಳು ಹೇಳಿದ ಹಾಗೂ ಆಗಲ್ಲ, ಅವರನ್ನು ದೂರಿದ ಹಾಗೂ ಆಗಲ್ಲ. ಆವತ್ತು ಮಾತಾಡಲು ಆಗಲ್ಲ ಅನ್ನಿಸಿದರೆ ಮೈಕ್ ಹಿಡಿಯಲೇಬೇಡಿ, ಬಂದವರಿಗೆ ಊಟ ಬಡಿಸಿ. ಯಾರೂ ತಪ್ಪು ತಿಳಿಯಲ್ಲ.

ಮಗಳಿಗೆ ಸಾಲದ ವಿಷಯ ಹೇಳಿ. ಅವಳ ಫೀಸಿನ ಕಥೆ ಅದು, ಬೇರೆಯವರ ಬಾಯಿಂದ ಕೇಳುವುದು ಬೇಡ.

ನಿದ್ದೆ, ಊಟ ಹೇಗಿದೆ ಅಂತ ನೀವು ಬರೆದಿಲ್ಲ. ತಿಂಗಳುಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂತಾದರೆ ಸಭೆ, ಸಾಲ ಎಲ್ಲ ಆಮೇಲೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಆ ಡೈರಿಯ ಪುಟಗಳನ್ನೆಲ್ಲ ಇವತ್ತೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯಲು ಎಷ್ಟು ದಿನ ಬೇಕು!